ದೇಶವೇ ಇಂಟರ್ನೆಟ್‌ನಿಂದ ಕಡಿದುಹೋದಾಗ ಬಿಟ್‌ಕಾಯಿನ್ ಏನಾಗುತ್ತದೆ?

2025ರ ಸೆಪ್ಟೆಂಬರ್ 29ರಂದು ಅಫ್ಗಾನಿಸ್ತಾನದ ಇಂಟರ್ನೆಟ್ ನಿಂತುಹೋಯಿತು. ನಿಲ್ಲಿಸಿದ್ದು ತಾಲಿಬಾನ್ ಆಡಳಿತ. ಮೊಬೈಲ್ ಕರೆಗಳೂ ಹೋಗಲಿಲ್ಲ, ವಿಮಾನಗಳು ರದ್ದಾದವು, ಬ್ಯಾಂಕುಗಳ ವ್ಯವಹಾರ ಕೆಟ್ಟು ಕೂತಿತು. ಸಂಪರ್ಕ ಮರಳಿದ್ದು ಸುಮಾರು 48 ಗಂಟೆಗಳ ನಂತರ. ಅದೇ ವರ್ಷದ ಜೂನ್‌ನಲ್ಲಿ, ಇಸ್ರೇಲ್ ಜತೆ ಯುದ್ಧ ನಡೆಯುತ್ತಿದ್ದಾಗ, ಇರಾನ್ ತನ್ನ ಜನರನ್ನು ಹೊರಜಗತ್ತಿನಿಂದ ಹೆಚ್ಚುಕಡಿಮೆ ಪೂರ್ತಿಯಾಗಿ ಕಡಿದುಹಾಕಿತ್ತು. ಅದಕ್ಕೂ ಮುಂಚೆ 2022ರ ಜನವರಿಯಲ್ಲಿ ಕಜಕಸ್ತಾನ, 2019ರ ನವೆಂಬರ್‌ನಲ್ಲಿ ಇದೇ ಇರಾನ್, 2011ರ ಜನವರಿಯಲ್ಲಿ ಈಜಿಪ್ಟ್.

ಇಂಥದ್ದು ನಡೆದಾಗಲೆಲ್ಲ ಬಿಟ್‌ಕಾಯಿನ್ ಬಗ್ಗೆ ಎರಡು ವಾದ ಕೇಳಿಬರುತ್ತವೆ. ನೆಟ್‌ವರ್ಕ್‌ಗೆ ಏನೂ ಆಗಲಿಲ್ಲ, ಬ್ಲಾಕ್‌ಗಳು, ಅಂದರೆ ವ್ಯವಹಾರಗಳ ಕಟ್ಟುಗಳು, ಎಂದಿನಂತೆ ಬರುತ್ತಲೇ ಇದ್ದವು ಎನ್ನುವುದು ಒಂದು. ಇಂಟರ್ನೆಟ್ ಹೋದರೆ ಈ ಹಣಕ್ಕೆ ಕವಡೆಕಾಸಿನ ಬೆಲೆಯಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಇರುವುದು ಅರ್ಧ ಸತ್ಯ. ನೆಟ್‌ವರ್ಕ್ ಬದುಕುವುದು ಬೇರೆ, ಕಡಿತದ ಒಳಗೆ ಸಿಕ್ಕಿಕೊಂಡ ಮನುಷ್ಯನಿಗೆ ಅದು ಕೆಲಸಕ್ಕೆ ಬರುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಾಧಿಸಿದೆವು ಎಂದು ಹೇಳಿಕೊಳ್ಳುವುದು ಆ ಮನುಷ್ಯನಿಗೆ ಮಾಡುವ ಅನ್ಯಾಯ. ಸೆನ್ಸಾರ್‌ಗೆ ಬಗ್ಗದ ಹಣ ಎಂಬ ಮಾತು ನಿಜವಾಗಬೇಕಿರುವುದು ಅವನ ಮಟ್ಟಿಗೆ.

ಕಡಿತಗಳೆಲ್ಲ ಒಂದೇ ಬಗೆಯವಲ್ಲ. ಅಫ್ಗಾನಿಸ್ತಾನದಲ್ಲಿ ಆದಂತೆ ದೇಶದ ಒಳಗಿನ ಸಂಪರ್ಕವೂ ಸತ್ತರೆ ಅಲ್ಲಿನ ನೋಡ್‌ಗಳು, ಅಂದರೆ ಬಿಟ್‌ಕಾಯಿನ್ ತಂತ್ರಾಂಶ ಓಡಿಸುವ ಕಂಪ್ಯೂಟರ್‌ಗಳು, ಒಂದರ ಜತೆ ಒಂದು ಮಾತಾಡಲೂ ಆಗದೆ ಸುಮ್ಮನೆ ಬಿದ್ದಿರುತ್ತವೆ. ಮರಳಿ ಬಂದ ದಿನ ತಪ್ಪಿಹೋದ ಬ್ಲಾಕ್‌ಗಳನ್ನು ಇಳಿಸಿಕೊಂಡು ಮುಂದುವರಿಯುತ್ತವೆ. ತಾಂತ್ರಿಕವಾಗಿ ಇದರಲ್ಲಿ ಗೊಂದಲವೇ ಇಲ್ಲ. ಗೊಂದಲ ಇರುವುದು ಇರಾನ್ ಮಾದರಿಯಲ್ಲಿ. 2019ರ ನವೆಂಬರ್ 16ರಂದು, ಪೆಟ್ರೋಲ್ ಬೆಲೆ ಏರಿಕೆಯ ವಿರುದ್ಧ ಜನ ಬೀದಿಗಿಳಿದಾಗ, ಸರ್ಕಾರ ಹೊರಗಿನ ದಾರಿಗಳನ್ನು ಮುಚ್ಚಿತು. ರಾಷ್ಟ್ರೀಯ ಮಾಹಿತಿ ಜಾಲ ಎಂದು ಕರೆಯುವ ಒಳಗಿನ ನೆಟ್‌ವರ್ಕ್ ಮಾತ್ರ ನಡೆಯುತ್ತಲೇ ಇತ್ತು. ಸ್ಥಳೀಯ ಬ್ಯಾಂಕಿಂಗ್, ಸ್ಥಳೀಯ ಆ್ಯಪ್‌ಗಳು ಕೆಲಸ ಮಾಡುತ್ತಿದ್ದವು. ಅಂದರೆ ಒಳಗಿನ ನೋಡ್‌ಗೆ ಒಳಗಿನ ನೋಡ್ ಸಿಗುತ್ತದೆ, ಹೊರಗಿನದು ಸಿಗುವುದಿಲ್ಲ. ಒಂದು ಲೆಡ್ಜರ್, ಅಂದರೆ ಎಲ್ಲರೂ ಹಂಚಿಕೊಂಡ ಲೆಕ್ಕಪುಸ್ತಕ, ಎರಡಾಗಬಹುದಾದ ಸಂದರ್ಭ ಇದು.

ಒಳಗೊಂದು, ಹೊರಗೊಂದು

ಒಂದು ಲೆಕ್ಕ ಹಾಕೋಣ. ಯಂತ್ರಗಳ ಲೆಕ್ಕಾಚಾರದಿಂದ ಹೊಸ ಬ್ಲಾಕ್ ಕಟ್ಟಿ ಬಹುಮಾನವಾಗಿ ನಾಣ್ಯ ಗಳಿಸುವುದೇ ಮೈನಿಂಗ್. ಜಗತ್ತಿನ ಬಿಟ್‌ಕಾಯಿನ್ ಮೈನಿಂಗ್ ಶಕ್ತಿಯಲ್ಲಿ, ಅಂದರೆ ಹ್ಯಾಶ್‌ರೇಟ್‌ನಲ್ಲಿ, ಶೇ 10ರಷ್ಟು ಪಾಲಿರುವ ದೇಶವೊಂದು ಐದು ದಿನ ಪೂರ್ತಿ ಕಡಿದುಹೋಯಿತು ಎಂದುಕೊಳ್ಳಿ. ಒಂದು ಬ್ಲಾಕ್ ಕಟ್ಟಲು ಎಷ್ಟು ಲೆಕ್ಕಾಚಾರ ಬೇಕೆಂಬ ಕಷ್ಟದ ಮಟ್ಟ ಎರಡೂ ಕಡೆ ಮೊದಲಿನಷ್ಟೇ ಇರುತ್ತದೆ. ಹೊರಗೆ ಶೇ 90ರಷ್ಟು ಶಕ್ತಿ ಉಳಿದಿರುವುದರಿಂದ ಹತ್ತು ನಿಮಿಷದ ಬದಲು ಸರಾಸರಿ 11 ನಿಮಿಷಕ್ಕೊಂದು ಬ್ಲಾಕ್ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಒಳಗೆ ಒಂದು ಬ್ಲಾಕ್‌ಗೆ ಸರಾಸರಿ 100 ನಿಮಿಷ. ಐದು ದಿನದ ಕೊನೆಗೆ ಹೊರಗಿನ ಸರಪಳಿಗೆ, ಅಂದರೆ ಒಂದಕ್ಕೊಂದು ಕೊಂಡಿಯಾದ ಬ್ಲಾಕ್‌ಗಳ ಸಾಲಿಗೆ, ಸುಮಾರು 648 ಬ್ಲಾಕ್ ಸೇರಿರುತ್ತವೆ, ಒಳಗಿನದಕ್ಕೆ ಸುಮಾರು 72. ಕಷ್ಟದ ಮಟ್ಟ ತಾನಾಗಿ ಇಳಿಯಲು 2016 ಬ್ಲಾಕ್ ಮುಗಿಯಬೇಕು. ಒಳಗಿನ ವೇಗದಲ್ಲಿ ಅಷ್ಟು ಬ್ಲಾಕ್‌ಗೆ 140 ದಿನ ಬೇಕು. ಪಾಲು ಶೇ 1 ಮಾತ್ರ ಇರುವ ದೇಶವಾದರೆ ಒಂದು ಬ್ಲಾಕ್‌ಗೇ 16 ಗಂಟೆ 40 ನಿಮಿಷ.

ಈಗ ಸಂಪರ್ಕ ಮರಳಿತು. ಬಿಟ್‌ಕಾಯಿನ್‌ನ ನಿಯಮ ಸ್ಪಷ್ಟ: ಹೆಚ್ಚು ಮೈನಿಂಗ್ ಕೆಲಸ ಸುರಿದಿರುವ ಸರಪಳಿಯೇ ನಿಜವಾದದ್ದು. ಒಳಗಿನ ನೋಡ್‌ಗಳು ತಮ್ಮ 72 ಬ್ಲಾಕ್‌ಗಳನ್ನು ಬಿಚ್ಚಿಹಾಕಿ ಹೊರಗಿನ 648ನ್ನು ಒಪ್ಪಿಕೊಳ್ಳುತ್ತವೆ. ಯಾರ ಅನುಮತಿಯೂ ಬೇಕಿಲ್ಲ, ಯಾವ ಸಭೆಯೂ ಬೇಕಿಲ್ಲ. ವಿನ್ಯಾಸದ ಮಟ್ಟದಲ್ಲಿ ಇದು ನಿಜಕ್ಕೂ ಮೆಚ್ಚತಕ್ಕ ಗುಣ. ಎರಡು ಹೋಳಾದ ಲೆಡ್ಜರ್ ಮತ್ತೆ ಒಂದಾಗುತ್ತದೆ, ಯಾವುದು ಸರಿ ಎಂಬ ಜಗಳ ಹುಟ್ಟುವುದಿಲ್ಲ.

ಆದರೆ ಆ 72 ಬ್ಲಾಕ್‌ಗಳ ಒಳಗೆ ಜನರ ವ್ಯವಹಾರಗಳಿದ್ದವು. ಅವುಗಳ ಗತಿ ಏನು? ಬಹುಪಾಲು ಮೆಂಪೂಲ್‌ಗೆ, ಅಂದರೆ ಕಾಯುವ ಸಾಲಿಗೆ, ವಾಪಸಾಗುತ್ತವೆ. ಬಿಟ್ಟುಹೋದವನ್ನು ವಾಲೆಟ್, ಅಂದರೆ ನಾಣ್ಯ ಕಳಿಸುವ ಆ್ಯಪ್, ಮತ್ತೊಮ್ಮೆ ಪ್ರಸಾರ ಮಾಡಬೇಕಾಗುತ್ತದೆ. ಸಹಿ ಮಾಡಿದ ವ್ಯವಹಾರಕ್ಕೆ ಅವಧಿ ಮುಗಿಯುವುದಿಲ್ಲ, ಹಾಗಾಗಿ ಪ್ರಾಮಾಣಿಕವಾಗಿ ಕಳಿಸಿದ ಹಣ ತಡವಾಗಿಯಾದರೂ ತಲುಪುತ್ತದೆ. ಮೈನರ್‌ಗಳು ಆ ಐದು ದಿನ ಗಳಿಸಿದ ಬಹುಮಾನ ಮಾತ್ರ ಶಾಶ್ವತವಾಗಿ ಹೋಯಿತು. ಆ ನಾಣ್ಯಗಳು ಹುಟ್ಟಿದ್ದೇ ಒಳಗಿನ ಬ್ಲಾಕ್‌ಗಳಲ್ಲಿ, ಬ್ಲಾಕ್ ಹೋದಮೇಲೆ ಅವೂ ಇಲ್ಲ. ಹೊಸದಾಗಿ ಮೈನ್ ಆದ ನಾಣ್ಯವನ್ನು 100 ಬ್ಲಾಕ್ ದಾಟುವ ತನಕ ಖರ್ಚು ಮಾಡುವಂತಿಲ್ಲ ಎಂಬ ನಿಯಮವೊಂದಿದೆ. ಸಾಮಾನ್ಯ ದಿನಗಳಲ್ಲಿ ಇದು ಯಾಕೆಂದು ಅನ್ನಿಸಬಹುದು. ಇಲ್ಲಿ ಅದರ ಬೆಲೆ ತಿಳಿಯುತ್ತದೆ. ಒಳಗೆ 72 ಬ್ಲಾಕ್ ಮಾತ್ರ ಆಗಿರುವುದರಿಂದ ಆ ಮಾಯವಾಗಲಿರುವ ನಾಣ್ಯಗಳಲ್ಲಿ ಒಂದೂ ಮಾರುಕಟ್ಟೆಗೆ ಇಳಿದಿಲ್ಲ. ಅವನ್ನು ಪಡೆದು ಮೋಸಹೋದವರು ಯಾರೂ ಇಲ್ಲ. ಇದೇ ವೇಗದಲ್ಲಿ 100 ದಾಟಲು ಸುಮಾರು ಏಳು ದಿನ ಬೇಕು. ಕಡಿತ ಅದಕ್ಕಿಂತ ಉದ್ದವಾದರೆ ಈ ರಕ್ಷಣೆ ಸೋರಲು ಶುರುವಾಗುತ್ತದೆ.

ನಿಜವಾದ ಅಪಾಯ ಡಬಲ್ ಸ್ಪೆಂಡ್, ಅಂದರೆ ಒಂದೇ ನಾಣ್ಯವನ್ನು ಎರಡು ಸಲ ಖರ್ಚು ಮಾಡುವುದು. ಒಳಗಿರುವ ವ್ಯಾಪಾರಿ ಒಬ್ಬರು ಬಿಟ್‌ಕಾಯಿನ್ ಪಡೆದು ಸರಕು ಕೊಡುತ್ತಾರೆ. ವಾಲೆಟ್‌ನಲ್ಲಿ ಆರು ದೃಢೀಕರಣ ಕಾಣುತ್ತದೆ, ಅಂದರೆ ಆ ಪಾವತಿ ಇರುವ ಬ್ಲಾಕ್ ಸೇರಿ ಆರು ಬ್ಲಾಕ್ ಆಗಿರುತ್ತವೆ. ರೂಢಿಯಂತೆ ಅದು ಸಾಕು. ಕೊಂಡವನಿಗೆ ಹೊರಗಿನ ಸಂಪರ್ಕ ಒಂದಿದ್ದರೆ ಅದೇ ನಾಣ್ಯವನ್ನು ಅವನು ಹೊರಗಿನ ಸರಪಳಿಯಲ್ಲಿ ತನ್ನದೇ ಇನ್ನೊಂದು ವಿಳಾಸಕ್ಕೆ ಕಳಿಸಿಕೊಳ್ಳಬಹುದು. ಇಂಟರ್ನೆಟ್ ಮರಳಿದ ಕೂಡಲೇ ಆರು ದೃಢೀಕರಣ ಕಂಡಿದ್ದ ವ್ಯವಹಾರ ಮಾಯವಾಗುತ್ತದೆ, ಮತ್ತೆ ಎಂದೂ ದೃಢವಾಗುವುದಿಲ್ಲ.

ಹಾಗೆ ಮಾಡಬಲ್ಲವರು ಯಾರು? ಎರಡೂ ಕಡೆ ಕೈಚಾಚಬಲ್ಲವರು. ಇರಾನ್‌ನಲ್ಲಿ ಬಿಳಿ ಸಿಮ್ ಎಂದು ಕರೆಯುವ, ಅಧಿಕಾರಕ್ಕೆ ಹತ್ತಿರದವರಿಗೆ ಸಿಗುವ, ಸೋಸುವಿಕೆಯಿಲ್ಲದ ಸಂಪರ್ಕದ ಬಗ್ಗೆ ಅಲ್ಲಿನ ಜನ ಬಹಳ ಸಿಟ್ಟಾಗಿದ್ದಾರೆ. ದೇಶ ಕತ್ತಲಲ್ಲಿದ್ದಾಗ ಹೊರಗಿನ ಬೆಳಕು ಯಾರಿಗೆ ಕಾಣುತ್ತದೋ ಅವರ ಕೈಯಲ್ಲಿ ಉಳಿದವರನ್ನು ವಂಚಿಸುವ ಶಕ್ತಿ ಇರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಕಳವಳದ ಅಂಶ ಇದು. ಕಡಿತ ಹೇರಿದವರೂ ಈ ಶಕ್ತಿ ಉಳ್ಳವರೂ ಒಂದೇ ವಲಯಕ್ಕೆ ಸೇರಿದವರಾಗಿರುವ ಸಾಧ್ಯತೆ ಹೆಚ್ಚು.

ಸರಪಳಿ ಎರಡಾಗಿ ಮತ್ತೆ ಒಂದಾದದ್ದಕ್ಕೆ ಹಳೆಯ ಉದಾಹರಣೆ ಇದೆ, ಕಾರಣ ಬೇರೆಯಾದರೂ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ತಂತ್ರಾಂಶದ 0.8 ಆವೃತ್ತಿ ಒಪ್ಪಿದ ದೊಡ್ಡ ಬ್ಲಾಕ್ ಒಂದನ್ನು ಹಳೆಯ 0.7 ಆವೃತ್ತಿ ಡೇಟಾಬೇಸ್‌ನ ಮಿತಿಯಿಂದಾಗಿ ತಿರಸ್ಕರಿಸಿತು. ಗಂಟೆಗಟ್ಟಲೆ ಎರಡು ಸರಪಳಿ ಓಡಿದವು. ಹೆಚ್ಚು ಶಕ್ತಿ ಇದ್ದದ್ದು 0.8ರ ಕಡೆ. ಆದರೂ ಡೆವಲಪರ್‌ಗಳು ಮತ್ತು ದೊಡ್ಡ ಪೂಲ್‌ಗಳು, ಅಂದರೆ ಹಲವರ ಮೈನಿಂಗ್ ಯಂತ್ರಗಳನ್ನು ಒಟ್ಟುಗೂಡಿಸುವ ಕಂಪನಿಗಳು, ಚಾಟ್‌ನಲ್ಲಿ ಮಾತಾಡಿಕೊಂಡು ಹಳೆಯದಕ್ಕೆ ಮರಳಲು ಒಪ್ಪಿದರು, 24 ಬ್ಲಾಕ್‌ಗಳು ರದ್ದಾದವು. ಆ ನಡುವೆ ಸುಮಾರು 10,000 ಡಾಲರ್ ಮೊತ್ತದ ಒಂದು ಡಬಲ್ ಸ್ಪೆಂಡ್ ನಡೆದೇಹೋಯಿತು. ನೆಟ್‌ವರ್ಕ್ ಚೇತರಿಸಿಕೊಂಡಿತು ಎಂಬುದರ ಜತೆಗೆ ನೆನಪಿಡಬೇಕಾದ್ದು, ಆ ದಿನ ಎರಡೂ ಕಡೆಯವರು ಪರಸ್ಪರ ಮಾತಾಡಬಲ್ಲವರಾಗಿದ್ದರು. ಕಡಿದುಹೋದ ದೇಶದವರಿಗೆ ಆ ಚಾಟ್‌ಗೆ ಬರುವ ದಾರಿಯೇ ಇರುವುದಿಲ್ಲ.

ಒಂಟಿಯಾದದ್ದು ಯಾರು?

ಇಲ್ಲಿಯವರೆಗೆ ಕಡಿದುಹೋದ ದೇಶ ಚಿಕ್ಕ ಪಾಲಿನದು ಎಂದುಕೊಂಡೆವು. ತಿರುಗಿಸಿ ನೋಡಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರ್ಯಾಯ ಹಣಕಾಸು ಕೇಂದ್ರದ ಅಂದಾಜಿನಂತೆ 2020ರ ಏಪ್ರಿಲ್‌ನಲ್ಲಿ ಜಗತ್ತಿನ ಹ್ಯಾಶ್‌ರೇಟ್‌ನ ಸುಮಾರು ಶೇ 65 ಚೀನಾದಲ್ಲಿತ್ತು. ಆ ಹೊತ್ತಿನಲ್ಲಿ ಚೀನಾ ತನ್ನ ಗಡಿಯನ್ನು ಒಂದು ವಾರ ಪೂರ್ತಿ ಮುಚ್ಚಿದ್ದರೆ ಭಾರವಾದ ಸರಪಳಿ ಗೋಡೆಯ ಒಳಗೆ ಬೆಳೆಯುತ್ತಿತ್ತು. ಬಾಗಿಲು ತೆರೆದ ದಿನ ಉಳಿದ ಇಡೀ ಜಗತ್ತಿನ ಒಂದು ವಾರದ ಲೆಕ್ಕ ಅಳಿಸಿಹೋಗುತ್ತಿತ್ತು. ಪ್ರೊಟೊಕಾಲ್‌ನ, ಅಂದರೆ ಬಿಟ್‌ಕಾಯಿನ್ ನಿಯಮಾವಳಿಯ, ಕಣ್ಣಿಗೆ ಆಗ ಒಂಟಿಯಾದದ್ದು ಚೀನಾದ ಹೊರಗಿನ ಜಗತ್ತು.

ನಡೆದದ್ದು ಬೇರೆ. 2021ರ ಮೇ–ಜೂನ್‌ನಲ್ಲಿ ಚೀನಾ ಮೈನಿಂಗ್ ಅನ್ನೇ ನಿಷೇಧಿಸಿತು, ಯಂತ್ರಗಳು ಆಫ್ ಆದವು. ಹ್ಯಾಶ್‌ರೇಟ್ ಅರ್ಧದಷ್ಟು ಕುಸಿಯಿತು, ಬ್ಲಾಕ್‌ಗಳು ತೆವಳಿದವು, ಜುಲೈ 3ರಂದು ಕಷ್ಟದ ಮಟ್ಟ ಒಮ್ಮೆಗೇ ಸುಮಾರು ಶೇ 28ರಷ್ಟು ಇಳಿಯಿತು. ಬಿಟ್‌ಕಾಯಿನ್ ಚರಿತ್ರೆಯಲ್ಲಿ ಅಷ್ಟು ದೊಡ್ಡ ಇಳಿಕೆ ಅದುವರೆಗೆ ಆಗಿರಲಿಲ್ಲ. ಕೆಲವೇ ತಿಂಗಳಲ್ಲಿ ಯಂತ್ರಗಳು ಅಮೆರಿಕ, ಕಜಕಸ್ತಾನ, ರಷ್ಯಾಗಳಿಗೆ ಹೋಗಿ ಸೇರಿದವು. ನೆಟ್‌ವರ್ಕ್‌ನ ಸಹನಶಕ್ತಿಗೆ ಇದನ್ನು ಸಾಕ್ಷಿಯಾಗಿ ಕೊಡುವವರು ಬಹಳ. ನಿಷೇಧದಲ್ಲಿ ಶಕ್ತಿ ಮಾಯವಾಗುತ್ತದೆ. ಕಡಿತದಲ್ಲಿ ಶಕ್ತಿ ಗೋಡೆಯಾಚೆ ಜೀವಂತವಾಗಿದ್ದು ಇನ್ನೊಂದು ಚರಿತ್ರೆ ಬರೆಯುತ್ತಿರುತ್ತದೆ. ಎರಡನೆಯದು ಹೆಚ್ಚು ಕಠಿಣ ಪರೀಕ್ಷೆ, ಅದನ್ನು ಬಿಟ್‌ಕಾಯಿನ್ ದೊಡ್ಡ ಪ್ರಮಾಣದಲ್ಲಿ ಎಂದೂ ಎದುರಿಸಿಲ್ಲ. ಈಗ ಅತಿ ದೊಡ್ಡ ಪಾಲು ಅಮೆರಿಕದ್ದಾಗಿರುವಾಗ ಈ ಪ್ರಶ್ನೆ ಚೀನಾಕ್ಕೆ ಮಾತ್ರ ಸಂಬಂಧಿಸಿದ್ದಾಗಿ ಉಳಿದಿಲ್ಲ.

ವಾಸ್ತವದಲ್ಲಿ ಒಳಗಿನ ಸರಪಳಿ ಹುಟ್ಟುವುದೇ ಅಪರೂಪ, ಅದಕ್ಕೆ ಕಾರಣ ಮೈನಿಂಗ್ ಪೂಲ್‌ಗಳು. ಕಜಕಸ್ತಾನದ ಸಂಗತಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಗ್ಗದ ಕಲ್ಲಿದ್ದಲು ವಿದ್ಯುತ್ತನ್ನು ಹುಡುಕಿಕೊಂಡು ಹೋದ ಯಂತ್ರಗಳಿಂದಾಗಿ 2021ರ ಆಗಸ್ಟ್ ಹೊತ್ತಿಗೆ ಆ ದೇಶದ ಪಾಲು ಸುಮಾರು ಶೇ 18 ಆಗಿತ್ತು, ಅಮೆರಿಕದ ನಂತರದ ಸ್ಥಾನ. 2022ರ ಜನವರಿ 2ರಂದು ಜಾನಾಒಜೆನ್ ಪಟ್ಟಣದಲ್ಲಿ ಎಲ್‌ಪಿಜಿ ಬೆಲೆ ಏರಿಕೆಯ ವಿರುದ್ಧ ಶುರುವಾದ ಪ್ರತಿಭಟನೆ ದೇಶಕ್ಕೆಲ್ಲ ಹಬ್ಬಿತು. 5ರಂದು ಸರ್ಕಾರ ಇಂಟರ್ನೆಟ್ ನಿಲ್ಲಿಸಿತು. ಮೈನಿಂಗ್ ಯಂತ್ರ ಒಂಟಿಯಾಗಿ ಬ್ಲಾಕ್ ಕಟ್ಟುವುದಿಲ್ಲ. ಪೂಲ್‌ನ ಸರ್ವರ್ ಕೊಟ್ಟ ಕೆಲಸವನ್ನು ಮಾಡುತ್ತದೆ. ಆ ಸರ್ವರ್ ವಿದೇಶದಲ್ಲಿದ್ದರೆ ಕೆಲಸ ಸಿಗದೆ ಖಾಲಿ ಕೂರುತ್ತದೆ. ಹಾಗಾಗಿ ಅಲ್ಲಿ ಪ್ರತ್ಯೇಕ ಸರಪಳಿಯ ಸಮಸ್ಯೆ ಕಾಣಿಸಿಕೊಳ್ಳಲಿಲ್ಲ, ಜಗತ್ತಿನ ಹ್ಯಾಶ್‌ರೇಟ್ ಅಂದಾಜು ಇಳಿಯಿತು ಅಷ್ಟೇ. ಪೂಲ್‌ಗಳು ಕೆಲವೇ ಕಂಪನಿಗಳ ಕೈಯಲ್ಲಿರುವುದು ಬಿಟ್‌ಕಾಯಿನ್‌ನ ದೊಡ್ಡ ದೌರ್ಬಲ್ಯ ಎಂದು ನಾನೂ ನಂಬುತ್ತೇನೆ. ಆದರೆ ಸರಪಳಿ ಒಡೆಯದಂತೆ ತಡೆದ ಕಾರಣಗಳಲ್ಲಿ ಆ ದೌರ್ಬಲ್ಯವೂ ಒಂದು ಎಂಬುದನ್ನು ಒಪ್ಪಲೇಬೇಕು.

ಇನ್ನೊಂದು ಎಚ್ಚರಿಕೆ. ಹ್ಯಾಶ್‌ರೇಟ್ ಅನ್ನು ಯಾರೂ ಮೀಟರ್ ಇಟ್ಟು ಅಳೆಯುವುದಿಲ್ಲ. ಬ್ಲಾಕ್‌ಗಳು ಎಷ್ಟು ಬೇಗ ಬಂದವು ಎಂಬುದರಿಂದ ಊಹಿಸುತ್ತಾರೆ. ದಿನಕ್ಕೆ ಸರಾಸರಿ 144 ಬ್ಲಾಕ್. ಅದೃಷ್ಟದ ಏರುಪೇರಿನಿಂದಲೇ ಈ ಸಂಖ್ಯೆ 12ರಷ್ಟು, ಅಂದರೆ ಶೇ 8ರಷ್ಟು, ಆಚೀಚೆ ಆಗುವುದು ಮಾಮೂಲು. ಹೀಗಿರುವಾಗ 2025ರ ಜೂನ್‌ನಲ್ಲಿ ಹ್ಯಾಶ್‌ರೇಟ್ ರೇಖೆ ಇಳಿದದ್ದನ್ನು ತೋರಿಸಿ ಇರಾನ್‌ನ ರಹಸ್ಯ ಮೈನಿಂಗ್ ಬಯಲಾಯಿತು ಎಂದವರ ಮಾತಿಗೆ ಗಟ್ಟಿ ಆಧಾರ ಇರಲಿಲ್ಲ. ಶೇ 5ರ ಪಾಲೊಂದು ಕಳಚಿಕೊಂಡರೆ ಒಂದೆರಡು ದಿನದ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ.

ಒಂದು ಎಳೆ ಸಾಕು

ದೇಶವೊಂದನ್ನು ಕಡಿದುಹಾಕುವುದಕ್ಕೆ ಕೇಬಲ್ ಕತ್ತರಿಸಬೇಕಿಲ್ಲ. ಈ ವಿಳಾಸಗಳಿಗೆ ದಾರಿ ನನ್ನ ಮೂಲಕ ಇದೆ ಎಂದು ಪ್ರತಿ ಸೇವಾದಾತ ಕಂಪನಿ ಬಿಜಿಪಿ ಎಂಬ ವ್ಯವಸ್ಥೆಯಲ್ಲಿ ಜಗತ್ತಿಗೆ ಸಾರುತ್ತಿರುತ್ತದೆ. ಆ ಸಾರುವಿಕೆಯನ್ನು ಹಿಂತೆಗೆದುಕೊಂಡರೆ ಮುಗಿಯಿತು. 2011ರ ಜನವರಿ 27ರ ತಡರಾತ್ರಿ ಈಜಿಪ್ಟಿನಲ್ಲಿ ಸುಮಾರು 3,500 ದಾರಿಗಳು ಹೀಗೆ ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋದವು. ಆದರೂ ನೂರ್ ಎಂಬ ಒಂದು ಕಂಪನಿ ಇನ್ನೂ ಕೆಲವು ದಿನ ತೆರೆದೇ ಇತ್ತು. ಅದರ ಗ್ರಾಹಕರಲ್ಲಿ ಷೇರು ವಿನಿಮಯ ಕೇಂದ್ರವೂ ಸೇರಿತ್ತು. ಇರಾನ್‌ನ 2019ರ ಕಡಿತದಲ್ಲೂ ಸಂಪರ್ಕ ಸೊನ್ನೆಗೆ ಇಳಿಯಲಿಲ್ಲ, ಮಾಮೂಲಿನ ಶೇ 5ರ ಆಸುಪಾಸಿನಲ್ಲಿ ನಿಂತಿತು. ಸರ್ಕಾರಕ್ಕೂ ಬ್ಯಾಂಕಿಗೂ ಹೊರಜಗತ್ತು ಬೇಕಲ್ಲ.

ಬಿಟ್‌ಕಾಯಿನ್ ನೋಡ್‌ಗಳು ಸುದ್ದಿ ಹರಡುವುದು ಬಾಯಿಂದ ಬಾಯಿಗೆ ಎಂಬ ರೀತಿಯಲ್ಲಿ. ಒಂದು ನೋಡ್ ತಾನಾಗಿ ಹತ್ತು ಜತೆಗಾರರನ್ನು ಹುಡುಕಿಕೊಳ್ಳುತ್ತದೆ, ಅವುಗಳಲ್ಲಿ ಎರಡು ಬ್ಲಾಕ್‌ಗಳಿಗೆಂದೇ ಮೀಸಲು. ಅರ್ಧ ಗಂಟೆ ಹೊಸ ಬ್ಲಾಕ್ ಬರದಿದ್ದರೆ ಏನೋ ಎಡವಟ್ಟಾಗಿದೆ ಎಂದು ಇನ್ನೊಬ್ಬ ಜತೆಗಾರನನ್ನು ಹುಡುಕಲು ಹೊರಡುತ್ತದೆ. ದೇಶದ ಒಳಗಿನ ಜಾಲ ಜೀವಂತವಾಗಿದ್ದು, ಎಲ್ಲೋ ಒಂದು ನೋಡ್‌ಗೆ ಗಡಿಯಾಚೆ ಒಂದು ಎಳೆ ಸಿಕ್ಕರೂ ಸಾಕು, ಹೊರಗಿನ ಬ್ಲಾಕ್ ಒಳಗೆಲ್ಲ ಹರಡುತ್ತದೆ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ನ ಒಂದು ಡಿಶ್ ಇಡೀ ದೇಶದ ನೋಡ್‌ಗಳನ್ನು ನಿಜವಾದ ಸರಪಳಿಯ ಮೇಲೆ ನಿಲ್ಲಿಸಬಲ್ಲದು. ಇರಾನ್‌ನಲ್ಲಿ ಆ ಡಿಶ್ ಕಾನೂನುಬಾಹಿರ, ಹಿಡಿದರೆ ಶಿಕ್ಷೆ ಇದೆ ಎಂಬುದನ್ನು ಇದರೊಂದಿಗೇ ಹೇಳಬೇಕು.

ಎಳೆ ಎಷ್ಟು ತೆಳುವಾಗಿದ್ದರೂ ನಡೆಯುತ್ತದೆ ಎಂಬುದು ಬಿಟ್‌ಕಾಯಿನ್‌ನ ಅತಿ ಸುಂದರ ಗುಣಗಳಲ್ಲಿ ಒಂದು. ಒಂದೂವರೆ ಎಂಬಿಯ ಬ್ಲಾಕ್ ಹತ್ತು ನಿಮಿಷಕ್ಕೊಮ್ಮೆ ಬಂದರೆ ಬೇಕಾಗುವ ವೇಗ ಸೆಕೆಂಡಿಗೆ 20 ಕಿಲೋಬಿಟ್, ಹಳೆಯ ಡಯಲ್‌ಅಪ್ ಮೋಡೆಮ್ ಸಾಕು. ಅದೂ ಇಲ್ಲವೆಂದರೆ ಬ್ಲಾಕ್‌ನ ತಲೆಬರಹ ಮಾತ್ರ ತರಿಸಿಕೊಳ್ಳಬಹುದು. ಒಂದು ತಲೆಬರಹ 80 ಬೈಟ್. ಇಡೀ ದಿನದ 144 ತಲೆಬರಹ ಸೇರಿದರೆ 11,520 ಬೈಟ್, ಮೊಬೈಲ್‌ನ ಒಂದು ಫೋಟೊಗಿಂತ ಎಷ್ಟೋ ಚಿಕ್ಕದು. ವ್ಯವಹಾರಗಳು ಅದರಲ್ಲಿ ಇರುವುದಿಲ್ಲ ನಿಜ, ಆದರೆ ಎಷ್ಟು ಕೆಲಸ ಸುರಿದಿದೆ ಎಂಬುದು ಇರುತ್ತದೆ. ಒಳಗಿನ ಸರಪಳಿ ಸುಳ್ಳು, ನಿಜವಾದದ್ದು ಹೊರಗಿದೆ ಎಂದು ತಿಳಿಯಲು ಅಷ್ಟು ಸಾಕು. ಮೇಲೆ ಹೇಳಿದ ಡಬಲ್ ಸ್ಪೆಂಡ್‌ನ ಬಲೆಗೆ ಬೀಳದಿರಲು ವ್ಯಾಪಾರಿಗೆ ಬೇಕಾದದ್ದು ಇದೇ ತಿಳಿವಳಿಕೆ. ಕಳ್ಳ ತಲೆಬರಹ ಕಳಿಸಿ ಏಮಾರಿಸೋಣ ಎಂದರೆ ಅದನ್ನು ತಯಾರಿಸಲು ನಿಜವಾದ ಬ್ಲಾಕ್‌ನಷ್ಟೇ ವಿದ್ಯುತ್ ಸುಡಬೇಕು. ಹಾಗಾಗಿ ಅದನ್ನು ತಂದವನ ಮೇಲೆ ನಂಬಿಕೆ ಇಡಬೇಕಾದ ಅಗತ್ಯವೂ ಇಲ್ಲ.

ಈ ದಾರಿಗಳು ಕಾಗದದ ಮೇಲಷ್ಟೇ ಇರುವಂಥವಲ್ಲ. ಬ್ಲಾಕ್‌ಸ್ಟ್ರೀಮ್ ಕಂಪನಿ 2017ರ ಆಗಸ್ಟ್‌ನಲ್ಲಿ ಬಾಡಿಗೆ ಉಪಗ್ರಹಗಳಿಂದ ಬ್ಲಾಕ್‌ಗಳನ್ನು ಪ್ರಸಾರ ಮಾಡಲು ತೊಡಗಿ, ಮರುವರ್ಷ ಏಷ್ಯಾ–ಪೆಸಿಫಿಕ್ ಪ್ರದೇಶಕ್ಕೂ ವಿಸ್ತರಿಸಿತು. ಚಿಕ್ಕ ಟಿವಿ ಡಿಶ್ ಇದ್ದರೆ ಕೇಳಿಸಿಕೊಳ್ಳಬಹುದು. ಸುಮ್ಮನೆ ಕೇಳುವ ಡಿಶ್ ತಾನಾಗಿ ಸಂಕೇತ ಹೊರಡಿಸದಿರುವುದರಿಂದ ಅದನ್ನು ರೇಡಿಯೊ ಅಲೆಯ ಜಾಡಿನಿಂದ ಪತ್ತೆ ಮಾಡಲಾಗದು. 2019ರ ಫೆಬ್ರುವರಿಯಲ್ಲಿ ರೊಡಾಲ್ಫೊ ನೊವಾಕ್ ಟೊರಾಂಟೊದಿಂದ ಹವ್ಯಾಸಿಗಳ ಹ್ಯಾಮ್ ರೇಡಿಯೊ ಮೂಲಕ ಕಳಿಸಿದ ಬಿಟ್‌ಕಾಯಿನ್ ಪಾವತಿಯನ್ನು ಎಲೇನ್ ಔ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಡೆದರು. ಸಾಧಾರಣ ವ್ಯವಹಾರ 225 ಬೈಟ್ ಎಂದಿಟ್ಟುಕೊಂಡರೆ ಅಕ್ಷರರೂಪಕ್ಕೆ ಇಳಿಸಿದಾಗ 450 ಅಕ್ಷರ, ಮೂರು ಎಸ್‌ಎಂಎಸ್‌ನಲ್ಲಿ ಹಿಡಿಯುತ್ತದೆ. ಸಹಿ ಮಾಡಲು ಇಂಟರ್ನೆಟ್ ಬೇಡ, ಸಹಿಯಾದ ಮೇಲೆ ದಾರಿಯಲ್ಲಿ ಯಾರೂ ಅದನ್ನು ತಿದ್ದಿ ಹಣ ಬೇರೆಡೆಗೆ ತಿರುಗಿಸಲಾರರು. ಪೆನ್‌ಡ್ರೈವ್‌ನಲ್ಲಿ ಗಡಿ ದಾಟಿದರೂ ಅದು ಸಿಂಧುವೇ.

ಕಷ್ಟ ಇರುವುದು ಕಳಿಸುವುದರಲ್ಲಿ. ಕೇಳುವವನು ಅದೃಶ್ಯ, ಮಾತಾಡುವವನು ಅಲ್ಲ. ರೇಡಿಯೊದಲ್ಲಿ ಕಳಿಸಿದರೆ ದಿಕ್ಕು ಹಿಡಿಯುವ ಉಪಕರಣಕ್ಕೆ ಜಾಗ ಗೊತ್ತಾಗುತ್ತದೆ, ಎಸ್‌ಎಂಎಸ್‌ನಲ್ಲಿ ಕಳಿಸಿದರೆ ಟೆಲಿಕಾಂ ಕಂಪನಿಗೆ ಎಲ್ಲವೂ ಕಾಣುತ್ತದೆ. ನಿರ್ಬಂಧ ಹೇರಿರುವ ದೇಶದಲ್ಲಿ ಇದು ಸಣ್ಣ ಮಾತಲ್ಲ. ಹ್ಯಾಮ್ ರೇಡಿಯೊ ಸಾಹಸಗಳನ್ನು ಸಂಭ್ರಮದಿಂದ ವರ್ಣಿಸುವ ಬರಹಗಳು ಈ ಅಪಾಯವನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ಸರಿಯಲ್ಲ.

ದಾರಿಗಳ ವಿಷಯದಲ್ಲಿ ಸ್ವಲ್ಪ ಪ್ರಗತಿಯೂ ಆಗಿದೆ. ನೂರಕ್ಕಿಂತ ಕಡಿಮೆ ಬಿಜಿಪಿ ವಿಳಾಸಗುಚ್ಛಗಳನ್ನು ಅಪಹರಿಸಿದರೆ ಅರ್ಧದಷ್ಟು ಮೈನಿಂಗ್ ಶಕ್ತಿಯನ್ನು ಬೇರ್ಪಡಿಸಬಹುದು ಎಂದು 2017ರಲ್ಲಿ ಸಂಶೋಧಕರಾದ ಮಾರಿಯಾ ಅಪೊಸ್ಟೊಲಾಕಿ, ಅವಿವ್ ಜೊಹಾರ್, ಲಾರೆಂಟ್ ವಾನ್‌ಬೆವರ್ ತೋರಿಸಿದ್ದರು. ಜತೆಗಾರರನ್ನು ಬೇರೆ ಬೇರೆ ಸೇವಾದಾತರ ಜಾಲಗಳಿಂದ ಆರಿಸುವ ಏರ್ಪಾಡು ಹೆಚ್ಚಿನ ನೋಡ್‌ಗಳು ಓಡಿಸುವ ಬಿಟ್‌ಕಾಯಿನ್ ಕೋರ್ ತಂತ್ರಾಂಶದ 2020ರ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂತು. ಗುರುತು ಮರೆಮಾಚುವ ಟಾರ್ ಜಾಲದ ಜತೆಗೆ ಅಂಥದ್ದೇ ಐಟುಪಿ ಜಾಲದ ಬೆಂಬಲವೂ ಮರುವರ್ಷ ಸೇರಿತು.

ಲೈಟ್ನಿಂಗ್ ಮತ್ತು ಇಥೀರಿಯಮ್

ಲೈಟ್ನಿಂಗ್ ಬಳಸುವವರ ಪರಿಸ್ಥಿತಿ ಇನ್ನಷ್ಟು ಸೂಕ್ಷ್ಮ. ಇಬ್ಬರು ಒಂದು ಮೊತ್ತವನ್ನು ಚಾನೆಲ್ ಎಂಬ ಜಂಟಿ ಖಾತೆಯಲ್ಲಿಟ್ಟು, ಪ್ರತಿ ಪಾವತಿಯನ್ನೂ ಸರಪಳಿಗೆ ಹಾಕದೆ ತಮ್ಮೊಳಗೇ ಲೆಕ್ಕ ಬದಲಿಸಿಕೊಳ್ಳುವ, ಬಿಟ್‌ಕಾಯಿನ್ ಮೇಲೆ ಕಟ್ಟಿದ ವ್ಯವಸ್ಥೆ ಅದು. ಒಳಗಿನ ಇಬ್ಬರ ನಡುವೆ ಚಾನೆಲ್ ಇದ್ದರೆ ಬ್ಲಾಕ್‌ಗಳೇ ಬರದಿದ್ದರೂ ಪಾವತಿ ಸಲೀಸಾಗಿ ನಡೆಯುತ್ತದೆ, ಇದು ದೊಡ್ಡ ಅನುಕೂಲ. ಆದರೆ ಒಂದು ತುದಿ ಒಳಗೆ, ಇನ್ನೊಂದು ತುದಿ ಹೊರಗೆ ಇರುವ ಚಾನೆಲ್‌ನಲ್ಲಿ ಸಮಯವೇ ಎರಡಾಗುತ್ತದೆ. ಲೈಟ್ನಿಂಗ್‌ನ ಗಡುವುಗಳೆಲ್ಲ ಬ್ಲಾಕ್ ಲೆಕ್ಕದಲ್ಲಿವೆ. ಒಳಗಿನ ನೋಡ್‌ನ ಗಡಿಯಾರ ನಿಂತಿರುತ್ತದೆ, ಹೊರಗಿನದು ಓಡುತ್ತಿರುತ್ತದೆ. ಹೊರಗಿನ ಪಾಲುದಾರ ಹಳೆಯ, ತನಗೆ ಲಾಭದ ಲೆಕ್ಕವನ್ನು ಸರಪಳಿಗೆ ಹಾಕಿದರೆ ಅದನ್ನು ಪ್ರಶ್ನಿಸಲು ಸಿಗುವ ಕಾಲಾವಕಾಶ ಸಾಮಾನ್ಯವಾಗಿ ಒಂದು ದಿನದಿಂದ ಎರಡು ವಾರ. ಒಳಗಿನವನಿಗೆ ಅದು ಗೊತ್ತಾಗುವ ಹೊತ್ತಿಗೆ ಗಡುವು ದಾಟಿರಬಹುದು. ತಮ್ಮ ಪರವಾಗಿ ಸರಪಳಿಯನ್ನು ನೋಡುತ್ತಿದ್ದು ಇಂಥ ಮೋಸವನ್ನು ತಡೆಯುವ ಕಾವಲುಗೋಪುರ ಎಂಬ ಸೇವೆಯನ್ನು ದೇಶದ ಹೊರಗೆ ಮೊದಲೇ ಇರಿಸಿಕೊಂಡಿದ್ದವರು ಮಾತ್ರ ನಿಶ್ಚಿಂತರು. ಕಡಿತ ಶುರುವಾದ ಮೇಲೆ ಅದನ್ನು ಏರ್ಪಡಿಸುವುದು ಆಗದ ಮಾತು.

ಇನ್ನೊಂದು ದೊಡ್ಡ ಕ್ರಿಪ್ಟೊ ಜಾಲವಾದ ಇಥೀರಿಯಮ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಬ್ಲಾಕ್ ಅಂತಿಮವಾಗಲು ಠೇವಣಿ ಇಟ್ಟು ಬ್ಲಾಕ್‌ಗಳನ್ನು ಪರಿಶೀಲಿಸುವ ವ್ಯಾಲಿಡೇಟರ್‌ಗಳ ಮೂರನೇ ಎರಡು ಪಾಲಿನ ಮತ ಬೇಕು. ಚಿಕ್ಕ ಪಾಲಿನ ದೇಶ ಕಡಿದುಹೋದರೆ ಹೊರಗೆ ಎಲ್ಲವೂ ಎಂದಿನಂತೆ. ಒಳಗೆ ಬ್ಲಾಕ್ ಬಂದರೂ ಯಾವುದೂ ಅಂತಿಮವಾಗುವುದಿಲ್ಲ, ಹೀಗಾಗಿ ನೋಡುವವನಿಗೆ ಏನೋ ಸರಿಯಿಲ್ಲ ಎಂದು ಹದಿನೈದಿಪ್ಪತ್ತು ನಿಮಿಷದಲ್ಲೇ ತಿಳಿಯುತ್ತದೆ. ಈ ಒಂದು ವಿಷಯದಲ್ಲಿ ಅದು ಬಿಟ್‌ಕಾಯಿನ್‌ಗಿಂತ ಪ್ರಾಮಾಣಿಕ ಎಂದೇ ನನ್ನ ಅಭಿಪ್ರಾಯ. 2023ರ ಮೇ 11 ಮತ್ತು 12ರಂದು ತಂತ್ರಾಂಶದ ದೋಷದಿಂದ ಹೀಗೆ ಅಂತಿಮಗೊಳ್ಳುವಿಕೆ ನಿಂತಾಗ ಜಗತ್ತಿಗೆಲ್ಲ ಅದು ತಕ್ಷಣ ಗೊತ್ತಾಗಿತ್ತು. ಅಪಾಯ ಇರುವುದು ಕಡಿತ ವಾರಗಟ್ಟಲೆ ಉದ್ದವಾದಾಗ. ಗೈರುಹಾಜರಾದವರ ಠೇವಣಿಯನ್ನು ಪ್ರೊಟೊಕಾಲ್ ನಿಧಾನವಾಗಿ ಕರಗಿಸುತ್ತ ಹೋಗುತ್ತದೆ, ಒಳಗಿನವರ ಲೆಕ್ಕದಲ್ಲಿ ಗೈರಾಗಿರುವುದು ಹೊರಗಿನ ಜಗತ್ತು. ಕೊನೆಗೊಂದು ದಿನ ಒಳಗಿನವರೇ ಮೂರನೇ ಎರಡು ಪಾಲಾಗಿ ತಮ್ಮ ಸರಪಳಿಯನ್ನು ಅಂತಿಮಗೊಳಿಸಿಬಿಟ್ಟರೆ ಮತ್ತೆ ಒಂದುಗೂಡಿಸುವ ನಿಯಮ ಪ್ರೊಟೊಕಾಲ್‌ನಲ್ಲಿಲ್ಲ, ಮನುಷ್ಯರೇ ಕೂತು ತೀರ್ಮಾನಿಸಬೇಕು.

ವಾಲೆಟ್ ಪರದೆಯ ಮೇಲೆ

ಇಷ್ಟೆಲ್ಲ ಹೇಳಿದ ಮೇಲೂ, ಕಡಿದುಹೋದ ದೇಶದ ಹೆಚ್ಚಿನವರಿಗೆ ಈ ಸೂಕ್ಷ್ಮಗಳು ತಲುಪುವುದೇ ಇಲ್ಲ. ಅವರ ನಾಣ್ಯ ಇರುವುದು ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕ್ರಿಪ್ಟೊ ಕೊಳ್ಳಲು, ಮಾರಲು ಬಳಸುವ ಕಂಪನಿಯ ಬಳಿ. ಇರಾನ್‌ನ ಅತಿ ದೊಡ್ಡ ಎಕ್ಸ್‌ಚೇಂಜ್ ನೋಬಿಟೆಕ್ಸ್ ಮೇಲೆ 2025ರ ಜೂನ್ 18ರಂದು ದಾಳಿ ನಡೆದು ಸುಮಾರು 9 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊವನ್ನು ಯಾರೂ ತೆರೆಯಲಾಗದ ವಿಳಾಸಗಳಿಗೆ ಕಳಿಸಲಾಯಿತು. ದೇಶದ ಇಂಟರ್ನೆಟ್ ಹೆಚ್ಚುಕಡಿಮೆ ಸತ್ತದ್ದೂ ಅದೇ ದಿನ. ಬ್ಲಾಕ್‌ಚೈನ್ ಮೇಲೆ ಆ ಹಣ ಸುಟ್ಟುಹೋದದ್ದನ್ನು ಹೊರಗಿನ ಜಗತ್ತು ಕಣ್ಣಾರೆ ನೋಡುತ್ತಿತ್ತು. ಹಣದ ಒಡೆಯರಲ್ಲಿ ಹೆಚ್ಚಿನವರಿಗೆ ಅದನ್ನು ನೋಡುವ ದಾರಿಯೇ ಇರಲಿಲ್ಲ. ನಾಣ್ಯ ಕಳಿಸಲು ಬೇಕಾದ ಗುಪ್ತ ಕೀಲಿ ತಮ್ಮ ಕೈಯಲ್ಲೇ ಇಟ್ಟುಕೊಂಡವರ ನಾಣ್ಯ ಸುರಕ್ಷಿತವಾಗಿತ್ತು, ಆದರೆ ಅವರೂ ಅದನ್ನು ಕದಲಿಸುವ ಸ್ಥಿತಿಯಲ್ಲಿ ಇದ್ದದ್ದು ಕಡಿಮೆ.

ಹಾಗಿದ್ದರೂ ವಾಲೆಟ್ ತಯಾರಿಸುವವರು ಈಗಲೇ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಉಪಗ್ರಹವೂ ಬೇಡ, ರೇಡಿಯೊವೂ ಬೇಡ. ಐದು ಗಂಟೆಯಲ್ಲಿ ಸರಾಸರಿ 30 ಬ್ಲಾಕ್ ಬರಬೇಕು. 3 ಮಾತ್ರ ಬಂದಿವೆ ಎಂದರೆ ಅದು ಅದೃಷ್ಟದ ಏರುಪೇರಾಗಿರುವ ಸಾಧ್ಯತೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಕಡಿತದ ಒಳಗೆ ಕೂತ ಫೋನ್ ತನ್ನ ಗಡಿಯಾರವೊಂದನ್ನೇ ನೋಡಿ ಇದನ್ನು ಕಂಡುಕೊಳ್ಳಬಲ್ಲದು. ಬಿಟ್‌ಕಾಯಿನ್ ಕೋರ್‌ನಲ್ಲಿ ಒಂದು ಕಾಲಕ್ಕೆ ಇಂಥ ಎಚ್ಚರಿಕೆ ಇತ್ತು. ಸುಳ್ಳು ಎಚ್ಚರಿಕೆ ಕೊಡುತ್ತದೆಂದು 2016ರಲ್ಲಿ ತೆಗೆದುಹಾಕಿದರು. ಅದನ್ನು ಸರಿಪಡಿಸಿ ವಾಲೆಟ್‌ಗಳ ಪರದೆಯ ಮೇಲೆ ಮತ್ತೆ ತರಬೇಕು. ಬ್ಲಾಕ್‌ಗಳು ಹೀಗೆ ತೆವಳುತ್ತಿರುವಾಗ ಆರು ದೃಢೀಕರಣ ಆಗಿದೆ ಎಂಬ ಹಸಿರು ಗುರುತನ್ನು ವ್ಯಾಪಾರಿಗೆ ತೋರಿಸಲೇಬಾರದು. ಆ ಜಾಗದಲ್ಲಿ, ಸಂಪರ್ಕ ಮರಳುವ ತನಕ ಸರಕು ಕೊಡಬೇಡಿ, ಹಣ ಇನ್ನೂ ಬಂದಿಲ್ಲ ಎಂಬ ಸೂಚನೆ ಇರಬೇಕು.